ಡಾಕ್ಟರ್‌ಗೆ ಐದು ಸ್ಟಾರ್, ಕೌಂಟರ್‌ಗೆ ಒಂದೂ ಇಲ್ಲ

ಹುಬ್ಬಳ್ಳ್ಯಾಗಿನ ಒಂದು ಶುಗರ್ ಕ್ಲಿನಿಕ್ ಬಗ್ಗೆ ಬರಿಯಾಕತ್ತೀನ್ರಿ, ಹೆಸರು ಬ್ಯಾಡ. ನಾವು ಅಣ್ಣಿಗೇರಿ ಕಡೆ ಹಳ್ಳಿಯವರು, ಅವ್ವಗ ಸಕ್ರಿ ಜಡ್ಡು ಬಂದು ಎಂಟು ವರ್ಷ ಆತು. ಫೋನ್ ಹಚ್ಚಿ ಕೇಳಿದ್ರ "ಖಾಲಿ ಹೊಟ್ಟಿಲೆ ಕರಕೊಂಡು ಬರ್ರಿ" ಅಂತ ಅಷ್ಟ ಹೇಳಿ ಇಟ್ಟಬಿಟ್ರು, ಮುಂಜಾನಿ ಗುಳಿಗಿ ತಗೋಬೇಕೋ ಬ್ಯಾಡೋ ಅನ್ನೂದು ಅವರೂ ಹೇಳಲಿಲ್ಲ, ನಮಗೂ ಕೇಳಬೇಕಂತ ಹೊಳಿಲಿಲ್ಲ, ಅವ್ವ ರೂಢಿ ಪ್ರಕಾರ ಸಕ್ರಿ ಇಳಸೂ ಗ್ಲಿಮೆಪಿರೈಡ್ ಗುಳಿಗಿ ನುಂಗಿ ಬಸ್ ಹತ್ತಿದ್ಲು. ಶಕ್ತಿ ಯೋಜನಾ ಇದ್ದದ್ದಕ್ಕ ಆಕಿಗೆ ಬಸ್ ಫ್ರೀ, ನನ್ನ ಟಿಕೆಟ್ಟು, ಆವತ್ತಿನ ಪಗಾರ ಹೋದದ್ದು ಬ್ಯಾರೆ.

8ಕ್ಕ ಮುಟ್ಟಿದ್ವಿ, ಟೋಕನ್ 31. ರಕ್ತ ತಗೊಳ್ಳವರು ಬಂದದ್ದ 10 ಹೊಡದ ಮ್ಯಾಲೆ. ಅಷ್ಟೊತ್ತಿಗೆ ಅವ್ವ ಬೆವತು, ಕೈ ಗಡಗಡ ನಡಗಾಕತ್ತಿದ್ವು, ಕೌಂಟರಿನ್ಯಾಗ ಹೇಳಿದ್ರ "ಕುಂದರ್ರಿ, ಪಾಳಿ ಬರ್ತೈತಿ". ಬಾಜೂ ಕುಂತಿದ್ದ ಹಾವೇರಿ ಕಡೆ ಕಾಕಾ ಒಬ್ರು ತಮ್ಮ ಚೀಲದಾಗಿನ ಮಷಿನ್ ತಗದು ಬೆರಳು ಚುಚ್ಚಿ ನೋಡಿದ್ರ 58! 70ರ ಕೆಳಗ ಇಳದ್ರನ ಲೋ ಶುಗರ್ ಅಂತಾರ. ಎದುರಿನ ಚಾದಂಗಡಿಗೆ ಓಡಿ ಮೂರ್ನಾಕು ಚಮಚಾ ಸಕ್ರಿ ನೀರಾಗ ಕಲಿಸಿ ತಂದು ಕುಡಿಸಿದೆ. ಸಕ್ರಿ ಜಡ್ಡಿನ ದವಾಖಾನ್ಯಾಗ ಒಂದು ಚಿಟಿಕಿ ಸಕ್ರಿ ಇಲ್ಲ ನೋಡ್ರಿ. ಆಮ್ಯಾಲೆ ಡಾಕ್ಟರ್ ಹೇಳಿದ್ರು, ತಮಗ ಬೇಕಾಗಿದ್ದು ಎಚ್‌ಬಿಎ1ಸಿ, ರಕ್ತದಾಗಿನ ಸಕ್ರಿದು ಮೂರು ತಿಂಗಳ ಸರಾಸರಿ ತೋರಸೂ ಪರೀಕ್ಷೆ, ಅದಕ್ಕ ಉಪಾಸ ಬೇಕಾಗೇ ಇಲ್ಲಂತ!

ಡಾಕ್ಟರ್ ಬಗ್ಗೆ ಮಾತ್ರ ತಕರಾರಿಲ್ಲ. ಚಪ್ಪಲಿ ಬಿಚ್ಚಿಸಿ, ನೈಲಾನ್ ಎಳಿಯಂಥಾದ್ದು ಅಂಗಾಲಿಗೆ ಮುಟ್ಟಿಸಿ ಗೊತ್ತಾಕ್ಕೈತೇನ್ರಿ ಅಂತ ಒಂದೊಂದ ಕಡೆ ಕೇಳಿದ್ರು, ಎಂಟು ವರ್ಷದಾಗ ಯಾರೂ ಆಕಿ ಕಾಲು ನೋಡಿದ್ದಿಲ್ಲ. ಎಡಗಾಲ ಹೆಬ್ಬೆರಳಿಗೆ ಮುಟ್ಟಿಸಿದ್ದು ಅವ್ವಗ ಗೊತ್ತಾಗಲೇ ಇಲ್ಲ. ವರ್ಷಕ್ಕೊಮ್ಮೆ ಕಣ್ಣಿನ ಒಳಗಿನ ಪರದೆ ತೋರಸ್ರಿ ಅಂದ್ರು, ಖರೇ, ಆದ್ರ ಅದು ಬ್ಯಾರೆ ದವಾಖಾನಿ, ಬ್ಯಾರೆ ದಿನ, ಮತ್ತೊಂದು ಪಗಾರ.

ಔಷಧ ಒಳಗಿನ ಮೆಡಿಕಲ್‌ನ್ಯಾಗ ತುಟ್ಟಿ. ಡಾಕ್ಟರ್‌ಗೆ ಕೇಳಿದ್ರ ಬ್ರ್ಯಾಂಡ್ ಹೆಸರು ಬಿಟ್ಟು ಔಷಧದ ಮೂಲ ಹೆಸರು ಮೆಟ್‌ಫಾರ್ಮಿನ್ ಅಂತ ಬರದು ಕೊಟ್ರು, ಜನೌಷಧಿ ಅಂಗಡ್ಯಾಗ ಅರ್ಧ ರೊಕ್ಕಕ್ಕ ಬಂತು, ಕೇಳಾಕ ಸಂಕೋಚ ಮಾಡಬ್ಯಾಡ್ರಿ.

ಹೋಗವರು ಗುಳಿಗಿ ವಿಚಾರ ಮೊದಲ ಫೋನಿನ್ಯಾಗ ಕೇಳ್ರಿ, ಕಿಸೆದಾಗ ಗ್ಲೂಕೋಸ್ ಪುಡಿ ಇಟ್ಕೋರಿ. ನಮಗ ಮೂರು ತಿಂಗಳಿಗೆ ತಾರೀಖು ಕೊಟ್ಟಾರ, ಅವ್ವ ಈಗಿಂದನ "ಅರಾಮ ಅದೀನಿ, ಮತ್ಯಾಕ ಪಗಾರ ಕಳಕೋತಿ" ಅಂತ ಸುರು ಹಚ್ಚ್ಯಾಳ.