ಮೂರು ಮಾನಿಟರ್‌ಗೆ ಡೆಸ್ಕ್‌ಟಾಪ್ ತಗೊಳ್ಳುವವರೇ, ಪೋರ್ಟ್ ಎಣಿಸಿ ದುಡ್ಡು ಕೊಡಬೇಡಿ

ಮನೆಯಲ್ಲೇ ಕೂತು ಕೆಲಸ ಮಾಡಲು ಎರಡು ಮೂರು ಮಾನಿಟರ್ ಇಟ್ಟುಕೊಳ್ಳಬೇಕು, ಅದಕ್ಕೊಂದು ಹೊಸ ಡೆಸ್ಕ್‌ಟಾಪ್ ಅಸೆಂಬಲ್ ಮಾಡಿಸಬೇಕು ಅಂತಿರುವವರು ದುಡ್ಡು ಕೊಡುವ ಮೊದಲು ಇದನ್ನು ಓದಿ. "ತ್ರೀ ಮಾನಿಟರ್ ಸಪೋರ್ಟ್ ಇದೆ ಸರ್" ಅಂತ ಅಂಗಡಿಯವರು ಹೇಳುತ್ತಾರೆ. ಮೂರೂ ಪರದೆ ಹೊತ್ತಿಕೊಳ್ಳುತ್ತವೆ ಅನ್ನುವಷ್ಟಕ್ಕೆ ಆ ಮಾತು ನಿಜವೂ ಇರಬಹುದು. ಆದರೆ ಆ ಮೂರರ ಮುಂದೆ ಕೂತು ದಿನವಿಡೀ ಕೆಲಸ ಮಾಡಲು ಆಗುತ್ತದಾ ಅನ್ನುವುದು ಬೇರೆಯೇ ಪ್ರಶ್ನೆ. ನನಗೆ ಕೊಟ್ಟಿದ್ದು ಬರೀ ಹೊತ್ತಿಕೊಳ್ಳುವ ಪರದೆಗಳನ್ನು.

ನಾನಿರುವುದು ತುಮಕೂರಿನಲ್ಲಿ. ಸಣ್ಣ ವ್ಯಾಪಾರಿಗಳ ಲೆಕ್ಕ ಬರೆಯುವುದು, ಜಿಎಸ್‌ಟಿ ರಿಟರ್ನ್ ಹಾಕುವುದು ನನ್ನ ಕೆಲಸ. ಒಂದು ಪರದೆಯಲ್ಲಿ ಟ್ಯಾಲಿ, ಇನ್ನೊಂದರಲ್ಲಿ ಜಿಎಸ್‌ಟಿ ಪೋರ್ಟಲ್, ಮೂರನೆಯದರಲ್ಲಿ ಸ್ಕ್ಯಾನ್ ಮಾಡಿದ ಬಿಲ್ಲುಗಳು. ರಿಟರ್ನ್ ಹಾಕುವ ಕೊನೆಯ ದಿನಗಳಾದ 11ನೇ ತಾರೀಕು, 20ನೇ ತಾರೀಕು ಹತ್ತಿರ ಬಂದಾಗ ಒಂದೇ ಪರದೆಯಲ್ಲಿ ವಿಂಡೋ ಬದಲಿಸುತ್ತಾ ಕೂತರೆ ಕೆಲಸ ಮುಗಿಯುವ ಮಾತೇ ಇಲ್ಲ. ನನ್ನ ಹತ್ತಿರ 24 ಇಂಚಿನ ಎರಡು ಫುಲ್ ಎಚ್‌ಡಿ ಮಾನಿಟರ್ ಇದ್ದವು. ಜೊತೆಗೆ 27 ಇಂಚಿನ ಒಂದು 4ಕೆ ಮಾನಿಟರ್ ತಗೊಂಡೆ. ಈ ಮೂರನ್ನೂ ನಡೆಸುವ ಡೆಸ್ಕ್‌ಟಾಪ್ ಬೇಕು ಅಂತ ಬೆಂಗಳೂರಿನಲ್ಲಿ ಕಂಪ್ಯೂಟರ್ ಅಂಗಡಿಗಳಿರುವ ಎಸ್‌ಪಿ ರೋಡಿನ ಒಂದು ಅಂಗಡಿಗೆ ಬರೆದೆ. ಮಾನಿಟರ್‌ಗಳ ಹಿಂಭಾಗದ ಫೋಟೋ ಸಮೇತ, ವಾಟ್ಸ್‌ಆ್ಯಪ್‌ನಲ್ಲಿ.

ಬಂದ ಕೊಟೇಶನ್ ಹೀಗಿತ್ತು: ಐ5 12ನೇ ಜನರೇಷನ್, 16 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ, 2 ಜಿಬಿ ಗ್ರಾಫಿಕ್ಸ್ ಕಾರ್ಡ್, ತ್ರೀ ಮಾನಿಟರ್ ಸಪೋರ್ಟ್. ನೋಡಲು ಎಲ್ಲ ಇದೆ ಅನ್ನಿಸುತ್ತದೆ. ಆದರೆ ಇದರಲ್ಲಿ ಒಂದೇ ಒಂದು ಪೂರ್ತಿ ಮಾಡೆಲ್ ನಂಬರ್ ಇಲ್ಲ. ಪೂರ್ತಿ ವಿವರ ಕಳಿಸಿ ಅಂತ ಕೇಳಿದರೆ "ಬಂದಾಗ ತೋರಿಸ್ತೀವಿ ಸರ್" ಅಂದರು. ಹೋದಾಗ ಪಿಸಿ ಜೋಡಿಸಿ, ಕೇಸ್ ಮುಚ್ಚಿ ರೆಡಿ ಇಟ್ಟಿದ್ದರು. ಮೂರು ಮಾನಿಟರ್ ಹಾಕಿ ತೋರಿಸಿ ಅಂದೆ. ಟೆಸ್ಟಿಂಗ್ ಟೇಬಲ್ ಮೇಲೆ ಇರುವುದೇ ಒಂದು, ಎಲ್ಲ ಪೋರ್ಟೂ ವರ್ಕ್ ಆಗುತ್ತೆ, ಗ್ಯಾರಂಟಿ ಅಂದರು. ಬಿಲ್ ಇಲ್ಲದೆ ತಗೊಂಡರೆ 18% ಉಳಿಯುತ್ತದೆ ಅಂತಲೂ ಹೇಳಿದರು. ಬಿಲ್ ಬೇಕೇ ಬೇಕು ಅಂತ ಹಟ ಹಿಡಿದು ತಗೊಂಡೆ. 40 ಸಾವಿರ ಚಿಲ್ಲರೆ ಆಯಿತು.

ಮನೆಗೆ ತಂದು ಜೋಡಿಸಿದ ಮೇಲೆ ನೋಡಿ. ಪಿಸಿಯ ಹಿಂದೆ ಮಾನಿಟರ್ ಹಾಕುವ ಪೋರ್ಟ್ ಐದು. ಮದರ್‌ಬೋರ್ಡಿನದು ಎರಡು, ಒಂದು ಎಚ್‌ಡಿಎಂಐ, ಒಂದು ವಿಜಿಎ. ಕೆಳಗೆ ಗ್ರಾಫಿಕ್ಸ್ ಕಾರ್ಡಿನದು ಮೂರು, ವಿಜಿಎ, ಡಿವಿಐ, ಎಚ್‌ಡಿಎಂಐ. ಮದರ್‌ಬೋರ್ಡಿನ ಎರಡಕ್ಕೂ ಏನು ಹಾಕಿದರೂ "ನೋ ಸಿಗ್ನಲ್". ಫೋನ್ ಮಾಡಿದರೆ ಕೇಬಲ್ ಬದಲಿಸಿ, ವಿಂಡೋಸ್ ಅಪ್‌ಡೇಟ್ ಮಾಡಿ, ರೀಸ್ಟಾರ್ಟ್ ಮಾಡಿ ಅಂತ ಸುಮ್ನೆ ಓಡಿಸಿದರು. ಕೊನೆಗೆ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರಲ್ಲಿ ಅಬೌಟ್ ತೆರೆದು ಪ್ರೊಸೆಸರ್ ಹೆಸರು ನೋಡಿದೆ. ಐ5-12400 ಅಂತ ಇದೆ, ಅದರ ಬಾಲದಲ್ಲಿ ಒಂದು "ಎಫ್".

ಇದನ್ನು ದಯವಿಟ್ಟು ಗಮನವಿಟ್ಟು ಓದಿ, ಮೋಸ ಇರುವುದು ಇಲ್ಲೇ. ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಇದ್ದರೆ ಅದರೊಳಗೆ ಗ್ರಾಫಿಕ್ಸ್, ಅಂದರೆ ಪರದೆಗೆ ಚಿತ್ರ ಕಳಿಸುವ ಭಾಗ, ಇರುವುದಿಲ್ಲ. ಮದರ್‌ಬೋರ್ಡಿನ ಎಚ್‌ಡಿಎಂಐ, ವಿಜಿಎ ಪೋರ್ಟುಗಳಿಗೆ ಚಿತ್ರ ಬರಬೇಕಾಗಿರುವುದು ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಿಂದ. ಅದೇ ಇಲ್ಲದಿದ್ದರೆ ಆ ಪೋರ್ಟುಗಳು ಇದ್ದೂ ಸತ್ತಂತೆ. ಕೇಬಲ್ ಬದಲಿಸಿದರೂ, ಡ್ರೈವರ್ ಹಾಕಿದರೂ ಅವುಗಳಿಗೆ ಜೀವ ಬರುವುದಿಲ್ಲ. ಎಫ್ ಪ್ರೊಸೆಸರ್ ಕೆಟ್ಟದ್ದಲ್ಲ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿ ಗೇಮ್ ಆಡುವವರಿಗೆ ಸ್ವಲ್ಪ ದುಡ್ಡು ಉಳಿಸಲು ಅಂತಲೇ ಅದು ಇರುವುದು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕು ಅಂತ ಅದರ ಡಬ್ಬಿಯ ಮೇಲೆ ಕಂಪನಿಯವರೇ ಅಚ್ಚು ಹಾಕಿರುತ್ತಾರೆ. ನನಗೆ ಆ ಡಬ್ಬಿಯನ್ನೇ ಕೊಟ್ಟಿರಲಿಲ್ಲ. ಬೋರ್ಡಿನ ಡಬ್ಬಿ, ಕಾರ್ಡಿನ ಡಬ್ಬಿ ಎರಡೂ ಇದ್ದವು, ಪ್ರೊಸೆಸರ್‌ದು ಮಾತ್ರ ಇಲ್ಲ. ಡಬ್ಬಿ ಕೇಳಿ. ಕೊಡದಿದ್ದರೆ ಅನುಮಾನ ಪಡಿ.

ಎಎಂಡಿ ತಗೊಳ್ಳುವವರಿಗೂ ಇದೇ ಕಥೆ. ರೈಝೆನ್ 5 5600ರಲ್ಲಿ ಗ್ರಾಫಿಕ್ಸ್ ಇಲ್ಲ, 5600ಜಿಯಲ್ಲಿ ಇದೆ. ಮುಂದಿನ ತಲೆಮಾರಿನ 7600ರಲ್ಲಿ ಚಿಕ್ಕದೊಂದು ಇದೆ, 7500ಎಫ್‌ನಲ್ಲಿ ಇಲ್ಲ. "ಐ5" ಅಥವಾ "ರೈಝೆನ್ 5" ಅಂದಷ್ಟಕ್ಕೆ ಏನೂ ಗೊತ್ತಾಗುವುದಿಲ್ಲ, ಕೊನೆಯ ಅಕ್ಷರದವರೆಗೂ ಓದಬೇಕು.

ಹಾಗಾಗಿ ನನಗೆ ಉಳಿದದ್ದು ಗ್ರಾಫಿಕ್ಸ್ ಕಾರ್ಡಿನ ಮೂರು ಪೋರ್ಟ್ ಮಾತ್ರ. ಆ ಕಾರ್ಡು ಜಿಟಿ 710. ಅದರ ಚಿಪ್ ವಿನ್ಯಾಸ 2012ರ ಕಾಲದ್ದು. ಆ ತಲೆಮಾರಿನ ಕಾರ್ಡುಗಳಿಗೆ ಹೊಸ ಸೌಲಭ್ಯದ ಡ್ರೈವರ್ ಬರುವುದು 2021ರಲ್ಲೇ ನಿಂತಿತು, ಸೆಕ್ಯುರಿಟಿ ಅಪ್‌ಡೇಟ್ ಕೂಡ 2024ಕ್ಕೆ ಮುಗಿಯಿತು. ಹಳೇ ಪಿಸಿಯಲ್ಲಿ ಪರದೆ ಬರಿಸಲು ಅದು ಸಾಕು. ಹೊಸ ಪಿಸಿಗೆ, ಅದೂ 4ಕೆ ಮಾನಿಟರ್ ಇದೆ ಅಂತ ಫೋಟೋ ಸಮೇತ ಹೇಳಿದವರಿಗೆ ಅದನ್ನು ಹಾಕಿಕೊಡುವುದು ಅನ್ಯಾಯ ಅಲ್ವಾ?

ಯಾಕೆ ಅಂದರೆ ಆ ಕಾರ್ಡಿನ ಎಚ್‌ಡಿಎಂಐ ಹಳೆಯ 1.4 ಮಟ್ಟದ್ದು. 4ಕೆ ಚಿತ್ರವನ್ನು ಅದು ಸೆಕೆಂಡಿಗೆ 30 ಸಲ ಮಾತ್ರ ಕಳಿಸಬಲ್ಲದು, ರಿಫ್ರೆಶ್ ರೇಟ್ ಅನ್ನುವುದು ಇದನ್ನೇ. 60 ಸಲ ಬೇಕು ಅಂದರೆ ಎಚ್‌ಡಿಎಂಐ 2.0 ಬೇಕು, ಇಲ್ಲವೇ ಡಿಸ್‌ಪ್ಲೇಪೋರ್ಟ್ 1.2 ಅಥವಾ ಅದಕ್ಕಿಂತ ಮೇಲಿನದು ಬೇಕು. ಸಿನಿಮಾ ನೋಡುವಾಗ 30 ಗೊತ್ತಾಗುವುದಿಲ್ಲ. ಮೌಸ್ ಹಿಡಿದು ಕೆಲಸ ಮಾಡುವಾಗ ತಕ್ಷಣ ಗೊತ್ತಾಗುತ್ತದೆ. ಬಾಣದ ಗುರುತು ಕೈಯ ಹಿಂದೆ ಎಳೆದುಕೊಂಡು ಬರುತ್ತದೆ, ಎಕ್ಸೆಲ್ ಸ್ಕ್ರೋಲ್ ಮಾಡಿದರೆ ಸಾಲುಗಳು ನೆಗೆದು ನೆಗೆದು ಹೋಗುತ್ತವೆ. ನಿಮ್ಮದರಲ್ಲಿ ಎಷ್ಟಿದೆ ಅಂತ ನೋಡಲು ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗದಲ್ಲಿ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆಯಿರಿ. ಒಂದೊಂದು ಮಾನಿಟರ್‌ದೂ ಬೇರೆ ಬೇರೆಯಾಗಿ ತೋರಿಸುತ್ತದೆ.

ಡಿವಿಐಗೆ ಎಚ್‌ಡಿಎಂಐ ಕೇಬಲ್ ತರಿಸಿ ಹಾಕಿದೆ, ಆ ಮಾನಿಟರ್ ಚೆನ್ನಾಗಿ ಬಂತು. ಮೂರನೆಯದು ವಿಜಿಎ. ವಿಜಿಎ ಅನಲಾಗ್ ಪೋರ್ಟ್. ಚಿತ್ರ ಡಿಜಿಟಲ್‌ನಿಂದ ಅನಲಾಗ್‌ಗೆ ಹೋಗಿ, ಮಾನಿಟರ್‌ನಲ್ಲಿ ಮತ್ತೆ ಡಿಜಿಟಲ್ ಆಗಬೇಕು. ಅಗ್ಗದ ಕೇಬಲ್ ಆದರೆ ಅಕ್ಷರದ ಅಂಚು ಹರಡಿಕೊಳ್ಳುತ್ತದೆ. ಟ್ಯಾಲಿಯ ಸಣ್ಣ ಅಕ್ಷರದಲ್ಲಿ 3 ಯಾವುದು 8 ಯಾವುದು ಅಂತ ಕಣ್ಣು ಕಿರಿದು ಮಾಡಿ ನೋಡಬೇಕು. ಲೆಕ್ಕದ ಕೆಲಸದಲ್ಲಿ ಇದು ಸಣ್ಣ ವಿಷಯ ಅಲ್ಲ. ಒಬ್ಬರ ಇನ್‌ವಾಯ್ಸ್‌ನಲ್ಲಿ 3,350 ಇದ್ದದ್ದು 8,350 ಆದರೆ ನೋಟಿಸ್ ಬರುವುದು ಆ ವ್ಯಾಪಾರಿಗೆ. ಸಂಜೆಯ ಹೊತ್ತಿಗೆ ತಲೆನೋವು ಬೇರೆ.

ಇಷ್ಟಾದರೂ ಅಂಗಡಿಯವರದು ಒಂದೇ ಹಾಡು: "ಮೂರೂ ಬರ್ತಾ ಇದೆಯಲ್ಲ ಸರ್, ಇನ್ನೇನು ಪ್ರಾಬ್ಲಂ?"

ಆಮೇಲೆ ಒಂದು ಪರಿಹಾರ ಅಂತ ಯುಎಸ್‌ಬಿಯಿಂದ ಎಚ್‌ಡಿಎಂಐ ಅಡಾಪ್ಟರ್ ಕಳಿಸಿದರು, ಅದಕ್ಕೂ ದುಡ್ಡು. ಇದರ ಬಗ್ಗೆಯೂ ಹುಷಾರು. ಸಾಮಾನ್ಯ ಯುಎಸ್‌ಬಿ ಪೋರ್ಟಿನಲ್ಲಿ ಮಾನಿಟರ್‌ಗೆ ಬೇಕಾದ ಸಿಗ್ನಲ್ ಇರುವುದೇ ಇಲ್ಲ. ಇಂಥ ಅಡಾಪ್ಟರ್ ಒಂದು ಸಾಫ್ಟ್‌ವೇರ್ ಹಾಕಿಸಿಕೊಂಡು, ಪರದೆಯ ಚಿತ್ರವನ್ನು ಪ್ರೊಸೆಸರ್ ಕೈಯಲ್ಲಿ ಕುಗ್ಗಿಸಿ, ಯುಎಸ್‌ಬಿ ಮೂಲಕ ಕಳಿಸಿ, ಆಚೆ ಕಡೆ ಬಿಡಿಸುತ್ತದೆ. ಒಳ್ಳೆಯ ಗುಣಮಟ್ಟದವು ಇಮೇಲ್, ವರ್ಡ್‌ಗೆ ಪರವಾಗಿಲ್ಲ. ನನಗೆ ಬಂದದ್ದರಲ್ಲಿ ವಿಂಡೋ ಎಳೆದರೆ ಅದು ಹಿಂದೆಯೇ ಉಳಿಯುತ್ತಿತ್ತು, ಕಂಪ್ಯೂಟರ್ ಸ್ಲೀಪ್‌ಗೆ ಹೋಗಿ ಎದ್ದರೆ ಆ ಪರದೆ ಕಪ್ಪಗೇ ಇರುತ್ತಿತ್ತು. ಟೈಪ್-ಸಿ ಪೋರ್ಟ್ ಇದೆಯಲ್ಲ, ಅದರಿಂದ ತೆಗೆಯಬಹುದಲ್ಲ ಅಂತ ಕೆಲವರು ಕೇಳಿದರು. ಟೈಪ್-ಸಿ ಇದ್ದ ಮಾತ್ರಕ್ಕೆ ಚಿತ್ರ ಬರುವುದಿಲ್ಲ. ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ (ಟೈಪ್-ಸಿ ಮೂಲಕ ಮಾನಿಟರ್ ಸಿಗ್ನಲ್ ಕಳಿಸುವ ಸೌಲಭ್ಯ) ಅಂತ ಬೋರ್ಡಿನ ವಿವರದಲ್ಲಿ ಬರೆದಿರಬೇಕು. ಕಡಿಮೆ ಬೆಲೆಯ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ.

ಎಫ್ ಇಲ್ಲದ 12400 ಕೊಟ್ಟಿದ್ದರೆ ಎಲ್ಲ ಸರಿಯಾಗುತ್ತಿತ್ತಾ? ಅದೂ ಪೂರ್ತಿ ಅಲ್ಲ. ಆ ಪ್ರೊಸೆಸರ್‌ನ ಗ್ರಾಫಿಕ್ಸ್ ನಾಲ್ಕು ಪರದೆ ನಡೆಸಬಲ್ಲದು. ಆದರೆ ನನ್ನ ಬೋರ್ಡಿನ ಎಚ್610 ಚಿಪ್‌ಸೆಟ್ (ಬೋರ್ಡಿನ ಸೌಲಭ್ಯಗಳನ್ನು ನಿಭಾಯಿಸುವ ಚಿಪ್) ಮೂರಕ್ಕೆ ಮಿತಿ ಹಾಕುತ್ತದೆ. ಬೋರ್ಡಿನ ಹಿಂದೆ ಇರುವ ಪೋರ್ಟೋ ಎರಡೇ, ಅದರಲ್ಲೂ ಒಂದು ವಿಜಿಎ. ಪ್ರೊಸೆಸರ್, ಚಿಪ್‌ಸೆಟ್, ಪೋರ್ಟ್ ಈ ಮೂರರಲ್ಲಿ ಯಾವುದು ಕಡಿಮೆಯೋ ಅಷ್ಟೇ ಪರದೆ ನಿಮಗೆ ಸಿಗುವುದು. ಗ್ರಾಫಿಕ್ಸ್ ಕಾರ್ಡಿಗೂ ಹೀಗೆಯೇ ಮಿತಿ ಇರುತ್ತದೆ. ಜಿಟಿ 1030 ನಡೆಸುವುದು ಎರಡೇ ಮಾನಿಟರ್. ಇನ್ನೊಂದು ವಿಷಯ. ಪ್ರೊಸೆಸರ್‌ನಲ್ಲೂ ಗ್ರಾಫಿಕ್ಸ್ ಇದ್ದು ಕಾರ್ಡೂ ಹಾಕಿದರೆ, ತುಂಬಾ ಬೋರ್ಡುಗಳು ತಾವಾಗಿಯೇ ಪ್ರೊಸೆಸರ್‌ನದನ್ನು ಆಫ್ ಮಾಡುತ್ತವೆ. ಬಯೋಸ್‌ಗೆ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ಸ್) ಹೋಗಿ ಐಜಿಪಿಯು ಮಲ್ಟಿ-ಮಾನಿಟರ್ ಅಥವಾ ಅಂಥದ್ದೇ ಹೆಸರಿನ ಸೆಟ್ಟಿಂಗ್ ಆನ್ ಮಾಡಿದರೆ ಎರಡೂ ಕಡೆಯ ಪೋರ್ಟ್ ಕೆಲಸ ಮಾಡುತ್ತವೆ. ನಿಮ್ಮದರಲ್ಲಿ ಎಫ್ ಇಲ್ಲ, ಆದರೂ ಬೋರ್ಡಿನ ಪೋರ್ಟ್ ಬರುತ್ತಿಲ್ಲ ಅಂದರೆ ಮೊದಲು ಅದನ್ನು ನೋಡಿ.

ಕೊನೆಗೆ ಕೆಲಸ ನಿಲ್ಲಿಸಲು ಆಗದೆ ನಾನು ಬೇರೆ ಕಡೆಯಿಂದ ಎನ್‌ವಿಡಿಯಾ ಟಿ400 ಕಾರ್ಡ್ ತರಿಸಿದೆ. ಚಿಕ್ಕ ಕಾರ್ಡು, 30 ವ್ಯಾಟ್ ವಿದ್ಯುತ್ ಸಾಕು, ಪಿಸಿಯೊಳಗೆ ವಿದ್ಯುತ್ ಕೊಡುವ ಸಾಮಾನ್ಯ ಎಸ್‌ಎಂಪಿಎಸ್‌ನಲ್ಲೇ ಓಡುತ್ತದೆ. ಮೂರು ಮಿನಿ ಡಿಸ್‌ಪ್ಲೇಪೋರ್ಟ್ ಇವೆ. 4ಕೆ ಮಾನಿಟರ್‌ಗೆ ನೇರ ಡಿಸ್‌ಪ್ಲೇಪೋರ್ಟ್ ಕೇಬಲ್, ಉಳಿದ ಎರಡಕ್ಕೆ ಎಚ್‌ಡಿಎಂಐಗೆ ಬದಲಿಸುವ ಅಡಾಪ್ಟರ್. ಮೂರೂ 60ರಲ್ಲಿ ಸ್ಪಷ್ಟವಾಗಿ ಬರುತ್ತಿವೆ. ಗೇಮ್ ಆಡದೆ ಬರೀ ಕೆಲಸಕ್ಕೆ ಮೂರು ಪರದೆ ಬೇಕಾದವರಿಗೆ ನಾನು ಇಂಥ ಕಾರ್ಡನ್ನೇ ಹೇಳುತ್ತೇನೆ. ಕೇಬಲ್ ತಗೊಳ್ಳುವಾಗ ದಿಕ್ಕು ನೋಡಿ. ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಅಗ್ಗದ ಕೇಬಲ್ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಕಂಪ್ಯೂಟರ್ ಕಡೆ ಡಿಸ್‌ಪ್ಲೇಪೋರ್ಟ್, ಮಾನಿಟರ್ ಕಡೆ ಎಚ್‌ಡಿಎಂಐ ಇರಬೇಕು. ತಿರುಗಿಸಿ ಹಾಕಿದರೆ ಬರುವುದಿಲ್ಲ.

ಸೆಕೆಂಡ್ ಹ್ಯಾಂಡ್ ಆಫೀಸ್ ಪಿಸಿ ನೋಡುತ್ತಿರುವವರಿಗೂ ಒಂದು ಮಾತು. ಅವುಗಳಲ್ಲಿ ಎಷ್ಟೋ ಮಾಡೆಲ್‌ಗಳಿಗೆ ಎರಡು ಡಿಸ್‌ಪ್ಲೇಪೋರ್ಟ್ ಇರುತ್ತವೆ, ಎರಡು ಮಾನಿಟರ್‌ಗೆ ಚೆನ್ನಾಗಿಯೇ ಆಗುತ್ತವೆ. ಆದರೆ ಇಂಟೆಲ್ 8ನೇ ಜನರೇಷನ್‌ಗಿಂತ ಹಳೆಯದಾದರೆ ವಿಂಡೋಸ್ 11ಕ್ಕೆ ಅಧಿಕೃತ ಬೆಂಬಲ ಇರುವುದಿಲ್ಲ, ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ತೆಳು ಕೇಸ್ ಆದರೆ ಅರ್ಧ ಎತ್ತರದ ಕಾರ್ಡ್ ಮಾತ್ರ ಕೂರುತ್ತದೆ. ಹಾಗೆಯೇ 600 ವಿಎ ಯುಪಿಎಸ್ ಅಂದರೆ 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360 ವ್ಯಾಟ್. ಮೂರು ಮಾನಿಟರ್‌ನ ಲೆಕ್ಕವನ್ನೂ ಅದರಲ್ಲಿ ಸೇರಿಸಿಕೊಳ್ಳಿ.

ಎಸ್‌ಪಿ ರೋಡಿನಲ್ಲಿ ಪ್ರಾಮಾಣಿಕ ಅಂಗಡಿಗಳು ಬೇಕಾದಷ್ಟಿವೆ, ಅಲ್ಲಿಗೆ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಪ್ರೊಸೆಸರ್, ಬೋರ್ಡ್, ಗ್ರಾಫಿಕ್ಸ್ ಕಾರ್ಡ್ ಈ ಮೂರರ ಪೂರ್ತಿ ಮಾಡೆಲ್ ಹೆಸರು ಬರೆದುಕೊಡದ ಅಂಗಡಿಯಲ್ಲಿ ತಗೊಳ್ಳಬೇಡಿ ಅಷ್ಟೇ. ಅದೇ ಹೆಸರುಗಳು ಬಿಲ್ಲಿನಲ್ಲೂ ಬರಬೇಕು. ನನ್ನ ಬಿಲ್ಲಿನಲ್ಲಿ "ಅಸೆಂಬಲ್ಡ್ ಕಂಪ್ಯೂಟರ್ - 1" ಅಂತ ಒಂದೇ ಸಾಲು. ಕೆಳಗೆ "ಮಾರಿದ ಸಾಮಾನು ವಾಪಸ್ ಪಡೆಯುವುದಿಲ್ಲ" ಅಂತ ಮೊಹರು. ಸಾಧ್ಯವಾದರೆ ನಿಮ್ಮ ಮಾನಿಟರ್‌ಗಳನ್ನೇ ಗಾಡಿಯಲ್ಲಿ ಹಾಕಿಕೊಂಡು ಹೋಗಿ, ಎಲ್ಲವನ್ನೂ ಒಟ್ಟಿಗೆ ಹಾಕಿ, ಒಂದೊಂದರ ರಿಫ್ರೆಶ್ ರೇಟ್ ನೋಡಿ ದುಡ್ಡು ಕೊಡಿ.

ಆ ಮೊಹರಿಗೆ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ ವಾಪಸ್ ಪಡೆಯದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷ ಅಂದರೆ ಸುಟ್ಟು ಹೋಗಿರಬೇಕು ಅಂತೇನಿಲ್ಲ. ವ್ಯಾಪಾರಿ ಹೇಳಿಕೊಂಡ ಗುಣಮಟ್ಟ ವಸ್ತುವಿನಲ್ಲಿ ಇಲ್ಲದಿದ್ದರೆ ಅದೂ ದೋಷವೇ. ಹಾಗಾಗಿ ಆ ವಾಟ್ಸ್‌ಆ್ಯಪ್ ಮಾತುಕತೆ ಅಳಿಸಬೇಡಿ. "ನೀವು ಬಿಸಿನೆಸ್‌ಗೆ ತಗೊಂಡಿದ್ದು, ಗ್ರಾಹಕರಲ್ಲ" ಅಂತ ನನಗೆ ಹೇಳಿದರು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಮಾತ್ರ ತಗೊಂಡ ವಸ್ತುವನ್ನು ಕಾಯ್ದೆ ವಾಣಿಜ್ಯ ಉದ್ದೇಶ ಅಂತ ಪರಿಗಣಿಸುವುದಿಲ್ಲ. ಮನೆಯಲ್ಲಿ ಕೂತು ಒಬ್ಬರೇ ದುಡಿಯುವವರು ಇದನ್ನು ನೆನಪಿಡಿ.

ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಅದಾದ ಮೇಲೆ ಅಂಗಡಿಯವರು ಯುಎಸ್‌ಬಿ ಅಡಾಪ್ಟರ್ ಮತ್ತು ಹಳೇ ಗ್ರಾಫಿಕ್ಸ್ ಕಾರ್ಡಿನ ದುಡ್ಡು ವಾಪಸ್ ಕೊಟ್ಟರು. ಪ್ರೊಸೆಸರ್ ಬದಲಿಸಿಕೊಡಲು ಇನ್ನೂ ಒಪ್ಪಿಲ್ಲ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಲು ಕಾಗದಪತ್ರ ಜೋಡಿಸುತ್ತಿದ್ದೇನೆ. 5 ಲಕ್ಷದವರೆಗಿನ ವಸ್ತುವಿಗೆ ಅಲ್ಲಿ ಅರ್ಜಿ ಶುಲ್ಕ ಇಲ್ಲ, ವಕೀಲರು ಇಲ್ಲದೆಯೂ ನಾವೇ ವಾದಿಸಬಹುದು.