‘ಸೈಲೆಂಟ್ ಆಗೋಕೆ ಮುಂಚೆ ಮಾತಾಡ್ತಿತ್ತಾ ಮಿಸ್?’

ಹದಿನೆಂಟು ವರ್ಷದಿಂದ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ. ‘ನೈಫ್’ ಬರೆಯುವಾಗ ಮುಂದೆ ‘ಕೆ’ ಯಾಕೆ ಅಂತ ಮಕ್ಕಳು ಕೇಳಿದಾಗಲೆಲ್ಲ ನನ್ನದು ಒಂದೇ ಉತ್ತರ: ಅದು ಸೈಲೆಂಟು, ಬಾಯಿಪಾಠ ಮಾಡಿ. ಈ ವರ್ಷ ಒಬ್ಬಳು ಬಿಡಲಿಲ್ಲ. ‘ಸೈಲೆಂಟ್ ಆಗೋಕೆ ಮುಂಚೆ ಮಾತಾಡ್ತಿತ್ತಾ ಮಿಸ್?’ ಅಂದಳು. ಕ್ಲಾಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಆ ವಾರವೇ ದುಡ್ಡು ಕಟ್ಟಿ, ಇಂಗ್ಲಿಷ್ ಭಾಷೆಯ ಇತಿಹಾಸದ ಒಂದು ಆನ್‌ಲೈನ್ ಕೋರ್ಸಿಗೆ ಸೇರಿದೆ. ಅರ್ಧರ್ಧ ಗಂಟೆಯ 24 ವಿಡಿಯೊಗಳು. ಕಂಪನಿಗೆ ಕೊಟ್ಟ ದೂರು ಇನ್ನೂ ಬಗೆಹರಿದಿಲ್ಲ, ಹಾಗಾಗಿ ಹೆಸರು ಹಾಕುತ್ತಿಲ್ಲ.

ಮೊದಲ ನಾಲ್ಕು ಪಾಠ ಬರೀ ವಲಸೆ, ಯುದ್ಧ. 5ನೇ ಶತಮಾನದಲ್ಲಿ ಆಂಗಲ್ಸ್, ಸ್ಯಾಕ್ಸನ್ಸ್, ಜೂಟ್ಸ್ ಅನ್ನೋ ಬುಡಕಟ್ಟಿನವರು ಸಮುದ್ರ ದಾಟಿ ಬ್ರಿಟನ್ನಿಗೆ ಬಂದರು, 793ರಲ್ಲಿ ಲಿಂಡಿಸ್‌ಫಾರ್ನ್ ಮಠದ ಮೇಲೆ ಸ್ಕ್ಯಾಂಡಿನೇವಿಯಾದ ಕಡಲುಗಳ್ಳರಾದ ವೈಕಿಂಗರು ಬಿದ್ದರು, ಹೀಗೆ. ನಕಾಶೆಗಳೇನೋ ಚೆನ್ನಾಗಿವೆ, ಆದರೆ ನಾನು ಸೇರಿದ್ದು ಭಾಷೆಗೆ ಅಲ್ವಾ? ಐದನೇ ಪಾಠದಿಂದ ಕೂತ ಜಾಗ ಬಿಟ್ಟು ಏಳಲಿಲ್ಲ. ದೋಚಲು ಬಂದ ವೈಕಿಂಗರಲ್ಲಿ ಎಷ್ಟೋ ಮಂದಿ ಅಲ್ಲೇ ನೆಲೆ ನಿಂತರು. ‘ಸ್ಕೈ’, ‘ಎಗ್’, ‘ಸ್ಕಿನ್’ ಎಲ್ಲ ಅವರು ತಂದ ಪದಗಳು. ‘ವಿಂಡೋ’ ಅಂದರೆ ಅವರ ಮಾತಿನಲ್ಲಿ ಗಾಳಿಯ ಕಣ್ಣು. ‘ದೇ’, ‘ದೆಮ್’ ಕೂಡ ಅವರ ಕಡೆಯವು! ಪಾತ್ರೆಪಗಡೆಯ ಹೆಸರು ಎರವಲು ತರುವುದು ಸರಿ, ‘ಅವರು’ ಅನ್ನೋ ಪದವನ್ನೂ ತರುತ್ತಾರಾ? ನಮ್ಮ ‘ನೈಫ್’ ಬಂದಿದ್ದೂ ಅಲ್ಲಿಂದಲೇ. ಆಗ ‘ಕೆ’ಗೆ ಬಾಯಿತ್ತು, ‘ಕ್ನೀಫ್’ ಅನ್ನುತ್ತಿದ್ದರು. 17ನೇ ಶತಮಾನದ ಹೊತ್ತಿಗೆ ‘ಕ್ನ’ದ ‘ಕ’ ನಾಲಿಗೆಯಿಂದ ಸವೆದುಹೋಯಿತು, ಕಾಗದದ ಮೇಲೆ ಉಳಿಯಿತು.

ಯಾಕೆ ಉಳಿಯಿತು ಅನ್ನುವುದು ಹನ್ನೊಂದನೇ ಪಾಠ. ಇಡೀ ಕೋರ್ಸಿನಲ್ಲಿ ಇದೇ ಬೆಸ್ಟು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಮನೆ ಹಾಕಿದ. ಯಾವ ಊರಿನ ಇಂಗ್ಲಿಷ್ ಅಚ್ಚು ಹಾಕಬೇಕು ಅನ್ನೋದೇ ಅವನ ತಲೆನೋವು. 1490ರ ಒಂದು ಮುನ್ನುಡಿಯಲ್ಲಿ ಅವನೇ ಬರೆದಿದ್ದಾನೆ: ಹಡಗಿಗೆ ಗಾಳಿ ಸಿಗದೆ ಕೆಲವು ವ್ಯಾಪಾರಿಗಳು ದಡಕ್ಕಿಳಿದರಂತೆ. ಒಬ್ಬ, ಮನೆಯೊಡತಿಯ ಹತ್ತಿರ ‘ಎಗ್ಸ್’ ಕೇಳಿದ. ಆಕೆ ‘ನನಗೆ ಫ್ರೆಂಚ್ ಬರಲ್ಲ’ ಅಂದಳು. ಅವನಿಗೆ ಸಿಟ್ಟು ಬಂತು, ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ! ಕೊನೆಗೆ ಇನ್ನೊಬ್ಬ, ‘ಐರೆನ್ ಬೇಕಂತೆ’ ಅಂದಾಗ ಆಕೆಗೆ ಅರ್ಥವಾಯಿತು. ಐರೆನ್ ಹಳೆಯ ಇಂಗ್ಲಿಷ್ ಪದ, ಎಗ್ ವೈಕಿಂಗರದು. ಅಚ್ಚುಮೊಳೆ ನಿಧಾನವಾಗಿ ಸ್ಪೆಲಿಂಗನ್ನು ಕಟ್ಟಿಹಾಕಿತು. ಅದೇ ಹೊತ್ತಿಗೆ ಉಚ್ಚಾರ ಓಡುತ್ತಿತ್ತು. ಸುಮಾರು 1400ರಿಂದ 1700ರ ನಡುವೆ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದವು. ‘ಹೌಸ್’ ಮೊದಲು ‘ಹೂಸ್’ ಆಗಿತ್ತು. ‘ನೇಮ್’ ಅನ್ನು 14ನೇ ಶತಮಾನದಲ್ಲಿ ಹೆಚ್ಚುಕಡಿಮೆ ‘ನಾಮ’ ಅಂತಲೇ ಹೇಳುತ್ತಿದ್ದರು. ವಿಡಿಯೊ ನಿಲ್ಲಿಸಿ ಮೂರು ಸಲ ಕೇಳಿದೆ. ಸಂಸ್ಕೃತದ ನಾಮಕ್ಕೂ ಇದಕ್ಕೂ ದೂರದ ನೆಂಟಸ್ತಿಕೆ ಇರುವುದು ನಿಜವೇ, ಆದರೆ ಇಷ್ಟು ಹತ್ತಿರದಿಂದ ಕೇಳಿಸಿದರೆ ಮೈ ಜುಮ್ ಅನ್ನುತ್ತದೆ.

ಈಗ ದೂರು. ಸಬ್‌ಟೈಟಲ್ ಯಾರೂ ನೋಡಿಲ್ಲ, ಯಂತ್ರ ಬರೆದದ್ದನ್ನು ಹಾಗೇ ಬಿಟ್ಟಿದ್ದಾರೆ. ಮೇಲಿನ ಕಥೆಯಲ್ಲಿ ಐರೆನ್ ಬಂದ ಕಡೆಯೆಲ್ಲ ‘ಐರನ್’ ಅಂತ ಮೂಡುತ್ತದೆ. ಆ ಹೆಂಗಸು ಮೊಟ್ಟೆ ಬಿಟ್ಟು ಕಬ್ಬಿಣ ಕೊಟ್ಟ ಹಾಗಾಯಿತು. ವೈಕಿಂಗರ ಭಾಷೆ ‘ಓಲ್ಡ್ ನಾರ್ಸ್’ ಒಂದು ಕಡೆ ‘ಓಲ್ಡ್ ನರ್ಸ್’, ಇನ್ನೊಂದು ಕಡೆ ‘ಓಲ್ಡ್ ಹಾರ್ಸ್’. ಮೂರು ಸಲ ಬರೆದೆ. ಮೂರು ಸಲವೂ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಅಂತ ಒಂದೇ ಉತ್ತರ. ಇನ್ನೊಂದು ವಿಷಯ, ಕೊನೆಯ ಪಾಠಗಳಲ್ಲಿ ಪಾಪ ಮೇಷ್ಟ್ರಿಗೆ ಎಲ್ಲಿಲ್ಲದ ಅವಸರ. ಇಂಗ್ಲಿಷ್ ಕಡಲು ದಾಟಿ ಇಷ್ಟು ದೇಶ ಸುತ್ತಿದ ಕಥೆಗೆ ಒಂದೇ ಪಾಠ. ಭಾರತದಲ್ಲಿ ಇಂಗ್ಲಿಷ್ ಶಿಕ್ಷಣ ಬೇಕು ಅಂದ ಮೆಕಾಲೆಯ 1835ರ ಟಿಪ್ಪಣಿಗೆ ಒಂದೇ ವಾಕ್ಯ! ‘ಲೂಟ್’, ‘ಬಂಗಲೊ’ ಇಂಗ್ಲಿಷಿಗೆ ಹೋದವು ಅಂತ ಎರಡು ಚಿತ್ರ ತೋರಿಸಿ ಸುಮ್ನೆ ಮುಂದೆ ಹೋದರು. ನಾಲ್ಕು ಪಾಠ ಯುದ್ಧಕ್ಕೆ ಕೊಟ್ಟವರು ಇಲ್ಲಿ ಇನ್ನೊಂದು ಕೊಡಬಹುದಿತ್ತು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಸಬ್‌ಟೈಟಲ್ ಆಫ್ ಮಾಡಿ, ಐದನೇ ಪಾಠದಿಂದ ಶುರು ಮಾಡಿ. ಎಂಟನೆಯದನ್ನು ಬಿಡಬೇಡಿ. 1362ರಲ್ಲಿ ಕೋರ್ಟಿನ ವಾದವೆಲ್ಲ ಇಂಗ್ಲಿಷಿನಲ್ಲೇ ನಡೆಯಬೇಕು ಅಂತ ಕಾನೂನು ಮಾಡಿದರಂತೆ, ಆ ಕಾನೂನನ್ನು ಬರೆದದ್ದು ಫ್ರೆಂಚಿನಲ್ಲಿ.

ಆ ಹುಡುಗಿಗೆ ‘ಕ್ನೀಫ್’ ಕಥೆ ಹೇಳಿದೆ. ಇಡೀ ಕ್ಲಾಸು ಒಂದು ದಿನ ‘ಕ್ನೀ’, ‘ಕ್ನಾಟ್’ ಅಂತ ಕಿರುಚಾಡಿತು. ಮರುದಿನ ಅವಳು ಮತ್ತೆ ಎದ್ದು ನಿಂತಳು: ‘ಹಾಗಾದ್ರೆ ಡೆಟ್‌ನಲ್ಲಿರೋ ಬಿ ಕೂಡ ಮಾತಾಡ್ತಿತ್ತಾ ಮಿಸ್?’ ಪುಣ್ಯಕ್ಕೆ ಹದಿಮೂರನೇ ಪಾಠ ಮುಗಿಸಿದ್ದೆ. ಇಲ್ಲ, ಇಂಗ್ಲಿಷಿನಲ್ಲಿ ಅದು ಯಾವತ್ತೂ ಬಾಯಿ ಬಿಟ್ಟಿಲ್ಲ. ಫ್ರೆಂಚಿನಿಂದ ಬರುವಾಗ ಬಿ ಇರಲೇ ಇಲ್ಲ. ಲ್ಯಾಟಿನ್ನಿನ ‘ಡೆಬಿಟುಮ್’ ನೆನಪಾಗಿ ಯಾರೋ ಪಂಡಿತರು ಆಮೇಲೆ ತುರುಕಿದ್ದು.