ಮೂರು ವರ್ಷ ಬಳಸಿದ ನ್ಯಾಸ್: ಓದಲು ಬಿಡುತ್ತದೆ, ಬರೆಯಲು ಬಿಡುವುದಿಲ್ಲ

ಈ ನಾಲ್ಕು ಡಿಸ್ಕ್‌ಗಳ ನ್ಯಾಸ್ (ನೆಟ್‌ವರ್ಕ್ ಮೂಲಕ ಫೈಲ್ ಇಡುವ ಪೆಟ್ಟಿಗೆ) ತಂದು ಮೂರು ವರ್ಷ ದಾಟಿತು. ಇದುವರೆಗೆ ಒಂದು ಡಿಸ್ಕೂ ಕೆಟ್ಟಿಲ್ಲ, ಸದ್ದೂ ಕಡಿಮೆ. ಕಾಡಿದ್ದು ಒಂದೇ: ಬ್ಯಾಕಪ್ ಶುರುವಾದ ಕೂಡಲೇ ಬರುವ 'ಅನುಮತಿ ಇಲ್ಲ' ಎಂಬ ಸಂದೇಶ. ಯಾವ ಅನುಮತಿ, ಯಾರಿಗೆ ಇಲ್ಲ ಎಂದು ಅದು ಹೇಳುವುದೇ ಇಲ್ಲ.

ಮೊದಲ ಸಲ ಎರಡು ದಿನ ಹಾಳಾಯಿತು. ಶೇರ್, ಅಂದರೆ ನ್ಯಾಸ್ ನೆಟ್‌ವರ್ಕ್‌ನಲ್ಲಿ ಹಂಚುವ ಫೋಲ್ಡರ್, ತೆರೆಯುತ್ತಿತ್ತು, ಹಳೆಯ ಫೈಲ್‌ಗಳೂ ತೆರೆಯುತ್ತಿದ್ದವು. ಹಾಗಾದರೆ ಲಾಗಿನ್ ಸರಿಯಿದೆ ಎಂದುಕೊಂಡೆ. ಅದೇ ತಪ್ಪು. ಯೂಸರ್ ಹೆಸರಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು. ಗುರುತಿಲ್ಲದ ಹೆಸರು ಬಂದರೆ ಸಾಂಬಾ (ವಿಂಡೋಸ್ ರೀತಿಯಲ್ಲಿ ಫೈಲ್ ಹಂಚುವ, ನ್ಯಾಸ್ ಒಳಗಿನ ಸಾಫ್ಟ್‌ವೇರ್) ಗೆಸ್ಟ್ ಆಗಿ ಒಳಗೆ ಬಿಡುವಂತೆ ಸೆಟ್ಟಿಂಗ್ ಇತ್ತು, ಗೆಸ್ಟ್‌ಗೆ ಓದುವ ಹಕ್ಕು ಮಾತ್ರ. ಗೆಸ್ಟ್ ಪ್ರವೇಶ ಬಂದ್ ಮಾಡಿದ ಮೇಲೆ 'ಲಾಗಿನ್ ಆಗಲಿಲ್ಲ' ಎಂಬ ನಿಜವಾದ ದೋಷ ಕಣ್ಣಿಗೆ ಬಿತ್ತು. ಹೊಸದಾಗಿ ಕೊಂಡವರು ಮೊದಲ ದಿನವೇ ಅದನ್ನು ಬಂದ್ ಮಾಡಿ.

ಆಮೇಲೆ ಸಿಕ್ಕಿದ್ದು ಎರಡು ಬೀಗದ ತೊಂದರೆ. ಶೇರ್‌ಗೆ ಒಂದು ಅನುಮತಿ, ಒಳಗಿನ ಫೋಲ್ಡರ್‌ಗೆ ಇನ್ನೊಂದು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಈ ನ್ಯಾಸ್‌ನ ಸೆಟ್ಟಿಂಗ್ ಪುಟದಲ್ಲಿ ಅವು ಬೇರೆ ಬೇರೆ ಕಡೆ ಇವೆ. ಶೇರ್‌ಗೆ ಮಾತ್ರ 'ಓದು-ಬರೆ' ಕೊಟ್ಟು ನಿಶ್ಚಿಂತೆಯಿಂದ ಕೂತರೆ ಬ್ಯಾಕಪ್ ರಾತ್ರಿ ನಿಂತುಹೋಗಿರುತ್ತದೆ.

ವಿಂಡೋಸ್‌ನಲ್ಲಿ 1219 ಎಂಬ ದೋಷ ಬಂದರೆ ನ್ಯಾಸ್ ಮೇಲೆ ಸಿಟ್ಟಾಗಬೇಡಿ. ಒಂದೇ ಸರ್ವರ್‌ಗೆ ಒಂದೇ ಸಮಯದಲ್ಲಿ ಎರಡು ಯೂಸರ್ ಹೆಸರಲ್ಲಿ ಸೇರಲು ವಿಂಡೋಸ್ ಬಿಡುವುದಿಲ್ಲ, ಅಷ್ಟೇ. ಹಳೆಯ ಸಂಪರ್ಕ ಕಡಿದು, ಉಳಿಸಿಟ್ಟ ಪಾಸ್‌ವರ್ಡ್ ಅಳಿಸಿ, ಮತ್ತೆ ಸೇರಿ.

ಲಿನಕ್ಸ್‌ನಿಂದ ಎನ್‌ಎಫ್‌ಎಸ್ (ಫೈಲ್ ಹಂಚುವ ಇನ್ನೊಂದು ವಿಧಾನ) ಬಳಸುವವರ ಕಥೆ ಬೇರೆ. ಅಲ್ಲಿ ಸಾಮಾನ್ಯವಾಗಿ ಪಾಸ್‌ವರ್ಡೇ ಇಲ್ಲ, ಯೂಸರ್ ನಂಬರ್ ನೋಡುತ್ತಾರೆ. ನನ್ನ ಲ್ಯಾಪ್‌ಟಾಪ್‌ನಲ್ಲಿ 1000, ನ್ಯಾಸ್‌ನಲ್ಲಿ 1026. ಹೆಸರು ಒಂದೇ ಇದ್ದರೂ ಅದಕ್ಕೆ ನಾನು ಬೇರೆಯವನು. ಎಲ್ಲ ಹಕ್ಕೂ ಇರುವ ರೂಟ್ ಯೂಸರ್ ಆಗಿ ಬರೆಯಲು ಹೋದರೂ ಆಗಲಿಲ್ಲ, ರೂಟ್ ಸ್ಕ್ವಾಶ್ ಎಂಬ ಸೆಟ್ಟಿಂಗ್ ಅದನ್ನು ಹಕ್ಕಿಲ್ಲದ ಯೂಸರ್ ಆಗಿ ಬದಲಿಸುತ್ತದೆ. ಅದು ಸುರಕ್ಷತೆಗಾಗಿ ಇರುವುದು, ಸುಮ್ನೆ ತೆಗೆಯಬೇಡಿ. ನಂಬರ್ ಹೊಂದಿಸುವುದೇ ಸರಿಯಾದ ದಾರಿ.

ಈಗ ಹೊಸ ಬ್ಯಾಕಪ್ ಸೇರಿಸಿದಾಗಲೆಲ್ಲ, ಅದೇ ಯೂಸರ್‌ನಿಂದ ಒಂದು ಚಿಕ್ಕ ಫೈಲ್ ಬರೆದು, ಹೆಸರು ಬದಲಿಸಿ, ಅಳಿಸಿ ನೋಡುತ್ತೇನೆ. ಮೂರೂ ಆದರೆ ಮಾತ್ರ ಬಿಡುತ್ತೇನೆ. ಗಟ್ಟಿತನಕ್ಕೆ ಐದಕ್ಕೆ ಐದು. ದೋಷ ಸಂದೇಶಕ್ಕೆ ಎರಡು ಅಂಕವೂ ಜಾಸ್ತಿ.